ಮೊದಲ ಹೆಜ್ಜೆ ಯಾರದು

ಹೆಜ್ಜೆಗನ್ನಡಿ ಎಂಬ ಯಂತ್ರ ಒಂದು ಕಡತವನ್ನು ಮುಗಿಸಲು ಸಾಮಾನ್ಯವಾಗಿ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಹುಬ್ಬಳ್ಳಿಯ ಪರಿಹಾರ ಕೇಂದ್ರದ ಎರಡನೆಯ ಮಹಡಿಯಲ್ಲಿ ಇಂದುಮತಿ ಬಳಿಗಾರ ಪರದೆಯನ್ನೇ ನೋಡುತ್ತ ಕುಳಿತಿದ್ದಳು. ಯಂತ್ರ ಅವಳ ತಂಗಿ ಶೈಲಾಳ ಹೆಸರು ಹಿಡಿದು ವರ್ಷದಿಂದ ವರ್ಷಕ್ಕೆ ಹಿಂದೆ ಹಿಂದೆ ಹೋಗುತ್ತಿತ್ತು. 2041ರಲ್ಲಿ ಒಂದು ಖಾಸಗಿ ಶಾಲೆ, 2039ರಲ್ಲಿ ಒಂದು ಬಾಡಿಗೆ ಮನೆ, 2035ರಲ್ಲಿ ಮತ್ತೆರಡು ಶಾಲೆ. ಪ್ರತಿಯೊಂದರ ಮುಂದೆಯೂ ‘ನಿರಾಕರಣೆ’ ಎಂಬ ಪದ, ಅದರ ಕೆಳಗೆ ಯಂತ್ರದ ಷರಾ: ‘ಆ ಒಂದು ಮಾಹಿತಿ ಇಲ್ಲದಿದ್ದರೆ ಒಪ್ಪಿಗೆ ಸಿಗುತ್ತಿತ್ತು.’

ಇದು 2056ರ ಮಾತು. ಜನರ ಖಾಸಗಿ ವಿವರಗಳನ್ನು ಅವರಿಗೆ ತಿಳಿಯದಂತೆ ಮಾರಿಕೊಂಡ ಕಂಪನಿಗಳ ಮೇಲೆ ಇಪ್ಪತ್ತೆಂಟು ಲಕ್ಷ ಮಂದಿಯ ಪರವಾಗಿ ಒಂದೇ ದಾವೆ ಹೂಡಲಾಗಿತ್ತು. ಸಾಮೂಹಿಕ ದಾವೆ ಎಂದು ಅದರ ಹೆಸರು. ಕೆಲವರು ನ್ಯಾಯಾಲಯದಲ್ಲಿ ನಿಂತರೂ ತೀರ್ಪು ಎಲ್ಲರಿಗೂ ಅನ್ವಯಿಸುತ್ತದೆ. ಹನ್ನೊಂದು ವರ್ಷ ಎಳೆದು ಅದು ರಾಜಿಯಲ್ಲಿ ಮುಗಿಯಿತು. ಒಬ್ಬೊಬ್ಬರ ಕೈಗೆ ಬಂದ ಪರಿಹಾರ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಆದರೆ ರಾಜಿಯಲ್ಲಿ ಒಂದು ಕಲಮು ಸೇರಿತ್ತು. ಬಯಸಿದವರು ತಮ್ಮ ಮಾಹಿತಿ ಎಲ್ಲಿಂದ ಹೊರಟು ಎಲ್ಲೆಲ್ಲಿ ಹಾನಿ ಮಾಡಿತು ಎಂಬುದನ್ನು ಹೆಜ್ಜೆಗನ್ನಡಿಯಲ್ಲಿ ನೋಡಬಹುದು. ತೀರಿಕೊಂಡವರಿದ್ದರೆ ಅವರ ಪರವಾಗಿ ಒಡಹುಟ್ಟಿದವರು ನೋಡಬಹುದು.

ಅದನ್ನು ಕಂಡುಹಿಡಿದವರು ಡಾ. ತಬಸ್ಸುಮ್ ನದಾಫ. ಅವರ ವಿಧಾನ ಕೇಳಲು ಸರಳವಾಗಿತ್ತು. ನೌಕರಿಗೆ ಯಾರನ್ನು ತೆಗೆದುಕೊಳ್ಳಬೇಕು, ಯಾರಿಗೆ ಯಾವ ವಧು ಹೊಂದುತ್ತಾಳೆ ಎಂದು ಹಿಂದೆ ತೀರ್ಮಾನಿಸಿದ್ದ ತಂತ್ರಾಂಶಗಳನ್ನೆಲ್ಲ ನ್ಯಾಯಾಲಯ ವಶಪಡಿಸಿಕೊಂಡಿತ್ತು. ಹೆಜ್ಜೆಗನ್ನಡಿ ಅವನ್ನು ಮತ್ತೆ ಓಡಿಸುತ್ತಿತ್ತು, ಪ್ರತಿ ಸಲ ಒಂದೇ ಒಂದು ಮಾಹಿತಿಯನ್ನು ಹೊರಗಿಟ್ಟು. ಯಾವುದನ್ನು ತೆಗೆದಾಗ ತೀರ್ಮಾನ ಬದಲಾಗುತ್ತದೋ ಅದೇ ಅಪರಾಧಿ. ಆಮೇಲೆ ಅದು ಯಾರಿಂದ ಯಾರಿಗೆ ಕೈ ಬದಲಾಯಿಸಿತು ಎಂದು ಹಿಂದಕ್ಕೆ ಹುಡುಕುತ್ತ ಹೋಗಿ, ಅದು ಮೊದಲು ಹೊರಬಿದ್ದ ಜಾಗಕ್ಕೆ ತಲುಪುತ್ತಿತ್ತು.

ಇಂದುಮತಿಗೆ ಆ ಜಾಗ ಯಾವುದೆಂದು ಮೊದಲೇ ಗೊತ್ತಿತ್ತು. ಅರ್ಜಿಯಲ್ಲಿ ‘ನಿಮಗೆ ಯಾರ ಮೇಲಾದರೂ ಸಂಶಯವಿದೆಯೇ’ ಎಂದು ಕೇಳಿದ್ದಲ್ಲಿ ಅವಳು ಸ್ಪಷ್ಟವಾಗಿ ಬರೆದಿದ್ದಳು: ಗಿರಿಜಾ ಕುರಡಗಿ, ಬೆಟಗೇರಿ.

ಗಿರಿಜಾ ಶೈಲಾಳ ಜೀವದ ಗೆಳತಿ. ಗದಗಿನ ಬಿ.ಎಡ್. ಕಾಲೇಜಿನಲ್ಲಿ ಒಂದು ದಿನ ಪಾಠ ನಡೆಯುತ್ತಿದ್ದಾಗ ಶೈಲಾಳಿಗೆ ಫಿಟ್ಸ್ ಬಂತು. ಖಾಲಿ ಕೋಣೆಗೆ ಎತ್ತಿಕೊಂಡು ಹೋಗಿ, ಬೇರೆಯವರಿಗೆ ತಲೆಸುತ್ತು ಎಂದು ಹೇಳಿ, ಆಟೋದಲ್ಲಿ ಮನೆಗೆ ಕರೆತಂದವಳು ಗಿರಿಜಾ. ಅಂಥದ್ದು ಇನ್ನೊಮ್ಮೆ ಬಂತು, ಅಷ್ಟೆ. ಎರಡು ವರ್ಷ ಗುಳಿಗೆ ನುಂಗಿದ ಮೇಲೆ ಆ ಕಾಯಿಲೆ ಮತ್ತೆ ತಲೆಯೆತ್ತಲಿಲ್ಲ. ಮನೆಯಲ್ಲಿ ತಾಯಿ, ಇಂದುಮತಿ, ಹೊರಗೆ ಗಿರಿಜಾ, ಈ ಮೂವರನ್ನು ಬಿಟ್ಟರೆ ಯಾರಿಗೂ ವಿಷಯ ತಿಳಿದಿರಲಿಲ್ಲ.

2028ರಲ್ಲಿ ಕೊಪ್ಪಳದ ಕಡೆ ಶೈಲಾಳ ಮದುವೆ ಗೊತ್ತಾಯಿತು. ನಿಶ್ಚಯಕ್ಕೆ ಒಂದು ವಾರವಿದ್ದಾಗ ಗಂಡಿನವರು ಫೋನು ಮಾಡಿ, ಹುಡುಗಿಗೆ ಏನೋ ಇದೆಯಂತೆ, ನಮಗೆ ಗೊತ್ತಾಯಿತು ಎಂದು ಹೇಳಿ ಇಟ್ಟುಬಿಟ್ಟರು. ಶೈಲಾ ಇಡೀ ದಿನ ಅತ್ತಳು. ಸಂಜೆ ಅಕ್ಕನನ್ನು ಕೇಳಿದಳು, ಯಾರು ಹೇಳಿರಬಹುದು ಎಂದು. ಇಂದುಮತಿ ಸ್ವಲ್ಪ ಯೋಚಿಸಿ, ಗಿರಿಜಾನೇ ಇರಬೇಕು, ಅವಳನ್ನು ಬಿಟ್ಟರೆ ಇನ್ಯಾರು ಎಂದಳು.

ಆ ವಾರವೇ ಬೆಟಗೇರಿಯಲ್ಲಿ ಗಿರಿಜಾಳ ಕುಬುಸದ ಕಾರ್ಯ. ಶೈಲಾ ಕರೆಯದಿದ್ದರೂ ಹೋದಳು. ತುಂಬಿದ ಬಸುರಿ ಹಸಿರು ಸೀರೆಯುಟ್ಟು ಮುತ್ತೈದೆಯರ ನಡುವೆ ಕುಳಿತಿದ್ದಾಗ, ಎಲ್ಲರ ಎದುರಿಗೆ ಬಾಯಿಗೆ ಬಂದದ್ದನ್ನು ಅಂದು ಬಂದಳು. ಗಿರಿಜಾ ಒಂದು ಮಾತೂ ಆಡಲಿಲ್ಲವಂತೆ. ತಪ್ಪು ಮಾಡಿದವರು ಹಾಗೆಯೇ ಸುಮ್ಮನಿರುತ್ತಾರೆ ಎಂದು ಇಂದುಮತಿ ಅಂದುಕೊಂಡಳು.

ಅಲ್ಲಿಂದ ಮುಂದೆ ಶೈಲಾಳಿಗೆ ಯಾವ ಕೆಲಸವೂ ಕೈಗೂಡಲಿಲ್ಲ. ಸಂದರ್ಶನಗಳು ಚೆನ್ನಾಗಿಯೇ ಆಗುತ್ತಿದ್ದವು, ಉತ್ತರ ಮಾತ್ರ ಬರುತ್ತಿರಲಿಲ್ಲ. ಕೊನೆಗೆ ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತ, ಹೊರಗೆ ಹೋಗುವುದನ್ನೇ ಬಿಟ್ಟು, ನಲವತ್ಮೂರನೇ ವಯಸ್ಸಿಗೆ ಕಾಮಾಲೆಯಲ್ಲಿ ತೀರಿಕೊಂಡಳು. ಹೋಗುವ ಎರಡು ದಿನ ಮೊದಲು ಆಸ್ಪತ್ರೆಯಲ್ಲಿ, ಗಿರಿಜಾಗೆ ಹೇಳಿ ಕಳಿಸಿದರೆ ಬಂದಾಳೇ ಎಂದು ಕೇಳಿದ್ದಳು. ಇಂದುಮತಿ ಅವಳ ಹಣೆ ಒರೆಸುತ್ತ, ಆ ಹೆಸರು ತೆಗೆಯಬೇಡ ಎಂದಿದ್ದಳು.

ಪರದೆ ನಿಂತಿತು. 2028ರ ಕೊಪ್ಪಳದ ಸಂಬಂಧವೂ ಸೇರಿ ಒಟ್ಟು ಹದಿನಾಲ್ಕು ನಿರಾಕರಣೆ, ಎಲ್ಲಕ್ಕೂ ಕಾರಣ ಒಂದೇ ಮಾಹಿತಿ, ಫಿಟ್ಸಿನ ಗುಳಿಗೆ. ಬೇರೆ ದಿನ ವರದಿ ಓದಿ ಹೇಳುವವರು ಸಹಾಯಕರು, ಈ ಸಲ ಡಾ. ನದಾಫರೇ ಬಂದು ಪಕ್ಕದಲ್ಲಿ ಕುಳಿತರು.

“ಅಕ್ಕಾರ, ಕಡೀ ಪುಟ ನೋಡಾಕಬೇಕಂತೇನಿಲ್ಲ. ಕಂಪನಿ ತನಕಾ ತೋರಿಸಿ ಅಲ್ಲಿಗೇ ನಿಲ್ಲಿಸಬಹುದು. ಭಾಳ ಮಂದಿ ಹಂಗ ಮಾಡತಾರ.”

“ನಾ ಬಂದಿದ್ದ ಕಡೀ ಪುಟಕ್ರೀ,” ಎಂದಳು ಇಂದುಮತಿ.

ಡಾ. ನದಾಫ ತಾವೇ ಪುಟ ತೆರೆದರು. ಗುಳಿಗೆ ನುಂಗುವ ಹೊತ್ತನ್ನು ನೆನಪಿಸುವ ಒಂದು ಆ್ಯಪ್. 2026ರ ಮಾರ್ಚ್ ಒಂಬತ್ತು, ಸಂಜೆ ಆರು ನಲವತ್ತು, ಗದಗ. ರೋಗಿಯ ಹೆಸರು, ವಯಸ್ಸು, ಫೋನ್ ನಂಬರು, ಔಷಧದ ಹೆಸರು. ವಿವರ ತುಂಬಿದವರು: ಅಕ್ಕ. ಅದರ ಕೆಳಗೆ ಕನ್ನಡದಲ್ಲಿ ಟೈಪು ಮಾಡಿದ ಒಂದು ಸಾಲು. ‘ನಮ್ಮ ತಂಗಿ ಮರೀತಾಳ, ಎರಡು ಸಲ ನೆನಪು ಮಾಡ್ರಿ.’

ಇಂದುಮತಿ ಆ ಸಾಲನ್ನು ಓದಿದಳು. ಅದನ್ನು ಬರೆದ ನೆನಪು ಅವಳಿಗಿರಲಿಲ್ಲ, ಆದರೆ ಮಾತು ತನ್ನದೇ. ಯಂತ್ರ ತಪ್ಪಿರಬಹುದಲ್ಲವೇ ಎಂದು ಕೇಳಿದಳು. ತಪ್ಪುವುದುಂಟು, ಇದರಲ್ಲಿ ತಪ್ಪಿಲ್ಲ ಎಂದರು ಡಾ. ನದಾಫ. ಕಳ್ಳರನ್ನು ತೋರಿಸಲೆಂದು ತಾನು ಇದನ್ನು ಕಟ್ಟಿದ್ದು, ಆದರೆ ಹತ್ತರಲ್ಲಿ ಆರು ಕಡತಗಳ ಮೊದಲ ಹೆಜ್ಜೆ ಮನೆಯವರದೇ ಆಗಿರುತ್ತದೆ, ತಾಯಿಯೋ ಗಂಡನೋ ಮಗಳೋ, ಎಂದೂ ಹೇಳಿದರು.

“ತಪ್ಪು ಮಾರಿದವರದ್ರೀ. ನೀವು ಕೊಟ್ಟಿದ್ದು ತಂಗಿ ಗುಳಗಿ ಸಲುವಾಗಿ.”

“ಅದು ಖರೆ. ಆದ್ರ ಗಿರಿಜಾ ಹೇಳ್ಯಾಳಂತ ನಾನ ಅಂದೆ. ಆ ಮಾತು ಯಾವ ಕಂಪನಿನೂ ನನ್ನ ಬಾಯಾಗ ಇಟ್ಟಿದ್ದಿಲ್ಲ.”

ಡಾ. ನದಾಫ ವರದಿಯ ಪ್ರತಿ ತೆಗೆದು ಅವಳ ಕೈಗಿತ್ತರು. ಆ ಮಾತಿನ ಜಾಡನ್ನು ಅವರ ಯಂತ್ರ ಹಿಡಿದಿರಲಿಲ್ಲ.

ಮರುದಿನ ಬೆಳಿಗ್ಗೆ ಇಂದುಮತಿ ವರದಿ ಹಿಡಿದು ಬೆಟಗೇರಿಗೆ ಹೋದಳು. ತಲೆ ಪೂರಾ ನೆರೆತಿದ್ದ ಗಿರಿಜಾ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬಾ ಇಂದಕ್ಕ ಎಂದು ಕುರ್ಚಿ ಹಾಕಿದಳು. ಕೊನೆಯ ಪುಟವನ್ನು ಎರಡು ಸಲ ಓದಿ ಮಡಚಿ ಕೊಟ್ಟಳು.

“ನಾ ಹೇಳಿಲ್ಲಂತ ನನಗ ಗೊತ್ತೇ ಇತ್ತಲ್ಲ. ಶೈಲಾಗ ಗೊತ್ತಾತೇನು?”

ಇಲ್ಲ ಎಂದಳು ಇಂದುಮತಿ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುಚ್ಚಿಡಲಾರದೆ ಆಸ್ಪತ್ರೆಯಲ್ಲಿ ಶೈಲಾ ಕೇಳಿದ್ದನ್ನೂ, ತಾನು ಅಂದದ್ದನ್ನೂ ಹೇಳಿದಳು.

ಗಿರಿಜಾ ಕೇಳಿಸಿಕೊಂಡಳು. “ಅಕಿ ಅಡ್ಮಿಟ್ ಆಗ್ಯಾಳಂತ ಸುದ್ದಿ ಬಂದಿತ್ತು. ಆಸ್ಪತ್ರಿ ಗೇಟಿನ ತನಕಾ ಬಂದಿದ್ದೆ. ಕರೀಲಾರದ ಹೆಂಗ ಒಳಗ ಬರೂದು ಅಂತ ತಿರುಗಿ ಹೋದೆ.” ಇಷ್ಟು ಹೇಳಿ ಎದ್ದು ಒಳಕೋಣೆಗೆ ಹೋದವಳು ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಮಗಳು ಬಂದು, ಅವ್ವ ಮಲಗಿದ್ದಾಳೆ, ಇವತ್ತು ಮತ್ತೆ ಮಾತಾಡುತ್ತಾಳೆಂದು ಅನಿಸುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ಇಂದುಮತಿ ಲೆಕ್ಕ ಹಾಕಿದಳು. ಇಪ್ಪತ್ತೆಂಟರ ಹುಡುಗಿ. ಆ ಕುಬುಸದ ದಿನ ಹೊಟ್ಟೆಯಲ್ಲಿದ್ದವಳು.

ರಾಜಿಯಲ್ಲಿ ಇನ್ನೊಂದು ಷರತ್ತು ಇತ್ತು. ಮಾಹಿತಿ ಮಾರಿದವರ ಮೇಲೆ ಮುಂದೆ ಕ್ರಿಮಿನಲ್ ಮೊಕದ್ದಮೆ ಹೂಡಬೇಕಾದರೆ ಕೊನೆಯ ಪುಟವೂ ತೆರೆದಿರುವ ವರದಿ ಬೇಕು, ಮೊದಲ ಹೆಜ್ಜೆ ಇಟ್ಟವರು ಬಂದು ಸಾಕ್ಷಿ ಹೇಳಬೇಕು. ಆ ಸಾಲನ್ನು ಬರೆಸಿದವರು ಕಂಪನಿಗಳ ವಕೀಲರು. ತನ್ನ ತಾಯಿಯ ಹೆಸರನ್ನು, ತನ್ನ ಹೆಸರನ್ನು ಯಾರು ತಾನೇ ತೆರೆದಿಟ್ಟಾರು ಎಂಬುದು ಅವರಿಗೆ ತಿಳಿದಿತ್ತು. ಜನ ಕೊನೆಯ ಪುಟವನ್ನು ಮುಚ್ಚಿಸಿಕೊಂಡೇ ಹೋಗುತ್ತಿದ್ದರು, ಮೊಕದ್ದಮೆಗಳು ಹುಟ್ಟುವ ಮೊದಲೇ ಸಾಯುತ್ತಿದ್ದವು.

ಇಂದುಮತಿ ತೆರೆದಿಟ್ಟಳು. ಮಳೆಗಾಲ ಮುಗಿಯುವ ಹೊತ್ತಿಗೆ ಧಾರವಾಡದ ನ್ಯಾಯಾಲಯದಲ್ಲಿ ಸಾಕ್ಷಿ ಕಟ್ಟೆ ಹತ್ತಿದಳು. ಕಂಪನಿಯ ಪರವಾಗಿ ನಿಂತಿದ್ದ ತರುಣ ವಕೀಲ ಬಹಳ ಮರ್ಯಾದೆಯಿಂದಲೇ ಕೇಳಿದ. ಮಾಹಿತಿಯನ್ನು ಬೇರೆಯವರಿಗೆ ಕೊಡುತ್ತೇವೆಂದು ಆ ಆ್ಯಪ್ ಮೊದಲೇ ಹೇಳಿತ್ತು. ಹನ್ನೊಂದು ಪುಟದ ಷರತ್ತು ಅದು. ಇವರು ನಾಲ್ಕೇ ಸೆಕೆಂಡಿನಲ್ಲಿ ‘ಒಪ್ಪಿದೆ’ ಎಂದು ಒತ್ತಿದ್ದಾರೆ. ಓದಲಿಲ್ಲವೇ?

“ಓದಿಲ್ರಿ. ತಂಗಿ ಬಾಜೂಕ ಕುಂತಿದ್ಲು. ಆಗ ಯಾರೂ ಓದತಿದ್ದಿಲ್ಲ.”

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ವಕೀಲನ ಕಡೆ ತಿರುಗಿದರು. ಆ ಕಾಲದಲ್ಲಿ ಇಂಥ ಹನ್ನೊಂದು ಪುಟ ಓದಿದ ಒಬ್ಬರನ್ನಾದರೂ ನೀವು ಬಲ್ಲಿರಾ ಎಂದು ಕೇಳಿದರು.

“2026ರಲ್ಲಿ ನಾನಿನ್ನೂ ಹುಟ್ಟಿರಲಿಲ್ಲ ಸ್ವಾಮಿ,” ಎಂದ ವಕೀಲ.

ಕೋರ್ಟಿನ ಬೆಂಚುಗಳ ಮೇಲೆ ಆಗ ಹುಟ್ಟಿದ್ದವರೇ ತುಂಬಿದ್ದರು. ಹಲವರ ಕೈಯಲ್ಲಿ ಕೊನೆಯ ಪುಟ ಮುಚ್ಚಿದ ವರದಿಗಳಿದ್ದವು. ಆ ವರ್ಷ ಅವರೆಲ್ಲ ಹರೆಯದವರು. ಅವ್ವನ ಸಕ್ಕರೆ ಕಾಯಿಲೆಯನ್ನು, ಮಗುವಿನ ಹುಟ್ಟಿದ ದಿನವನ್ನು, ಗೆಳತಿಯ ಬಸಿರನ್ನು ಒಂದಲ್ಲ ಒಂದು ಪರದೆಗೆ ಪ್ರೀತಿಯಿಂದಲೇ ಹೇಳಿಕೊಂಡವರು. ಇದು ಮುಂದೆ ಯಾರ ಕೈಗೆ ಹೋಗುತ್ತದೆ ಎಂದು ಅಂದು ಅವರಲ್ಲಿ ಯಾರೂ ಕೇಳಿರಲಿಲ್ಲ. ಕೇಳಲು ಆಗ ಬೇಕಾದಷ್ಟು ಹೊತ್ತಿತ್ತು.