ಗುಳಿಗೆ ಕೊಡುವ ಹೊತ್ತು

"ಸಿಸ್ಟ್ರೇ, ನೀವು ನಗಾಡಿದ್ರೆ ನಾ ಗುಳಿಗೆ ನುಂಗಲ್ಲ."

"ನಗಾಡ್ದೆ ಇದ್ರೆ?"

"ಆಗ್ಲೂ ಇಲ್ಲ. ಎದ್ರಿಗೆ ಕೂತ್ಕಂಡು ಹಿಂಗೆ ನೋಡಿದ್ರೆ ಗಂಟಲಲ್ಲಿ ಇಳೀಬೇಕಲ್ಲ!"

೧೯೬೬ರಲ್ಲಿ ನಾನು ತೀರ್ಥಹಳ್ಳಿಯಿಂದ ಬಂದು ಸಾಗರದ ಒಬ್ಬ ಡಾಕ್ಟರ ಬಳಿ ನರ್ಸಾಗಿದ್ದೆ. ಹೀಗೆ ಹಟ ಮಾಡುತ್ತಿದ್ದ ಜಟ್ಟಪ್ಪ ಸಾಮಿಲ್ಲಿನ ಕೆಲಸಗಾರ. ಕುಡಿದು ಗರಗಸದ ಮುಂದೆ ನಿಂತು ಎರಡು ಬೆರಳು ಕಳೆದುಕೊಂಡ ಮೇಲೆ, ಕುಡಿತ ಬಿಡಿಸಿ ಎಂದು ತಾನಾಗಿಯೇ ಬಂದಿದ್ದ. ಡಾಕ್ಟರು ಅವನಿಗೆಂದು ಹೊಸ ಗುಳಿಗೆ ತರಿಸಿದರು. ಅದು ಹೊಟ್ಟೆಯಲ್ಲಿದ್ದಾಗ ಸಾರಾಯಿ ಮುಟ್ಟಿದರೆ ಮೈಯೆಲ್ಲ ಕೆಂಡವಾಗಿ, ಉಸಿರು ಕಟ್ಟಿ, ಜೀವಕ್ಕೇ ಸಂಚಕಾರ.

"ಗುಳಿಗೆ ಬರೀ ಬೇಲಿ," ಎಂದಿದ್ದರು ಡಾಕ್ಟರು. "ಅಭ್ಯಾಸ ಬಿಡ್ಸೋದು ಮಾತು. ದಿನಾ ಹತ್ತು ನಿಮಿಷ ಕೂರಿಸಿಕೊಂಡು ಕೇಳಮ್ಮ."

ಕೇಳಿದೆ. ನಿನ್ನೆ ಯಾವ ಹೊತ್ತಿಗೆ ಕುಡಿಯುವ ಆಸೆಯಾಯಿತು? ಜೊತೆಗೆ ಯಾರಿದ್ದರು? ಆಗ ಏನು ಮಾಡಿದಿರಿ? ಸಂಜೆ ಐದಕ್ಕೆ, ಮಿಲ್ಲು ಬಿಟ್ಟ ಕೂಡಲೇ, ಎಂದ. ದಾರಿ ಬದಲಿಸಿದೆವು. ಗೆಳೆಯರು ಕಾಯುವ ಓಣಿ ಬಿಟ್ಟು ಕೆರೆ ಏರಿಯ ಮೇಲೆ ಮನೆಗೆ ಹೋಗತೊಡಗಿದ. ಅದೇ ಐದಕ್ಕೆ ನಾನೂ ಏರಿಯ ಮೇಲೆ ಬರತೊಡಗಿದ್ದು ಮಾತ್ರ ಡಾಕ್ಟರು ಹೇಳಿದ್ದಲ್ಲ. ಅವನು ಕದ್ದು ನೋಡುವುದು, ನಾನು ಕಾಣದವಳಂತೆ ನೀರು ನೋಡುವುದು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವನು ಬರುವಷ್ಟರಲ್ಲಿ ಮೂರು ಸಲ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದೆ.

ಐದನೇ ತಿಂಗಳಲ್ಲಿ ಒಂದು ಸಂಜೆ, "ನಾಳೆ ಮನೇಲಿ ಹಿರೇರಿಗೆ ಎಡೆ ಇಡ್ತೀವಿ. ಅವತ್ತೇ ಅವ್ವನ ಹತ್ರ ನಮ್ಮ ವಿಷ್ಯ ಹೇಳ್ತೀನಿ," ಎಂದ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿನಾ ಅಷ್ಟೆಲ್ಲ ಕೇಳುತ್ತಿದ್ದವಳು, ಎಡೆಯಲ್ಲಿ ಏನೇನು ಇಡುತ್ತೀರಿ ಎಂಬ ಒಂದು ಮಾತು ಕೇಳಲಿಲ್ಲ.

ತೀರಿಹೋದ ಅಪ್ಪನಿಗೆಂದು ಎಡೆಯಲ್ಲಿ ಸಾರಾಯಿ ಇಟ್ಟಿದ್ದರು. ಜಟ್ಟಪ್ಪ ನನ್ನ ಹೆಸರು ಹೇಳಿ ಮುಗಿಸಿದ್ದಷ್ಟೇ. ತಾಯಿ ಕೆರಿಯಮ್ಮ ಆ ಸಾರಾಯಿಯನ್ನೇ ತೀರ್ಥವೆಂದು ಮಗನ ಅಂಗೈಗೆ ಎರೆದಳು. ಅಪ್ಪನ ಪ್ರಸಾದ ಕುಡಿತವಲ್ಲವೆಂದುಕೊಂಡು ಅವನೂ ಕುಡಿದ. ಕಾಲು ಗಂಟೆಯಲ್ಲಿ ಬಿದ್ದುಬಿಟ್ಟ. ಗಾಡಿ ಕಟ್ಟಿ ನಮ್ಮಲ್ಲಿಗೆ ತಂದಾಗ ಮುಖ ಕೆಂಪೇರಿತ್ತು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಡಾಕ್ಟರು ಇಡೀ ಮಧ್ಯಾಹ್ನ ಅವನ ಪಕ್ಕ ಬಿಟ್ಟು ಏಳಲಿಲ್ಲ. ಸಂಜೆಗೆ ಉಸಿರು ತಹಬಂದಿಗೆ ಬಂತು.

ಜಗಲಿಯಲ್ಲಿ ಕೆರಿಯಮ್ಮ ನನ್ನ ಕೈ ಹಿಡಿದಳು. "ನಿನ್ನ ಹೆಸ್ರು ಎತ್ತಿದ್ಕೇ ಅವ್ನು ಬಿದ್ದ. ಹಿರೇರು ನಿನ್ನ ಒಪ್ಲಿಲ್ಲ ಮಗಾ. ನೀ ಈ ಊರಲ್ಲಿದ್ರೆ ಅವ್ನಿಗೆ ಗುಳಿಗೆ ಕೊಡಕ್ಕೆ ನಾ ಬಿಡಲ್ಲ. ನೀ ಹೋದ್ರೆ, ಚೌಡಮ್ಮನಾಣೆ, ನಾನೇ ದಿನಾ ನುಂಗಿಸ್ತೀನಿ."

ಗುಳಿಗೆ ನಿಂತರೆ ಅವನು ಮತ್ತೆ ಆ ಓಣಿಗೇ ಹೋಗುತ್ತಾನೆಂದು ನನಗೆ ಗೊತ್ತಿತ್ತು. ಒಪ್ಪಿದೆ. ಒಂದು ವಾರ ಅವಳನ್ನು ಕೂರಿಸಿಕೊಂಡು ಎಲ್ಲ ಕಲಿಸಿದೆ. ಬೈಬೇಡಿ, ಕೇಳಿ. ಕೇಳಿ ಸುಮ್ಮನಿರಿ. ಎಡೆಗೆ ಎಳನೀರಿಡಿ. ಮುದುಕಿ ಶಾಲೆಯ ಹುಡುಗಿಯ ಹಾಗೆ ಬಾಯಿಪಾಠ ಮಾಡಿದಳು. ನನ್ನ ಹತ್ತು ನಿಮಿಷವನ್ನು ನಾನೇ ಅವಳ ಕೈಗಿಟ್ಟೆ.

ತೀರ್ಥಹಳ್ಳಿಗೆ ಹೊರಟ ಬೆಳಿಗ್ಗೆ ಜಟ್ಟಪ್ಪ ಬಸ್ ಸ್ಟ್ಯಾಂಡಿಗೆ ಓಡಿಬಂದ.

"ಹೋಗ್ಬ್ಯಾಡ ಮಹಾಲಕ್ಷ್ಮೀ. ಅವ್ವಂಗೆ ನಾ ಹೇಳ್ತೀನಿ. ನಂಗೆ ಗುಳಿಗೆ ಬ್ಯಾಡ, ನೀನಿದ್ರೆ ಸಾಕು."

ಆ ಮಾತಿಗೇ ನಾನು ಹೆದರಿದ್ದು.

"ಇವತ್ತಿನ ಗುಳಿಗೆ ಆಯ್ತಾ?"

"ಅವ್ವ ಕೊಟ್ಲು. ತಗಂಡೆ."

ಒಂದು ನುಂಗಿದರೆ ಅದರ ಗುಣ ಕೆಲವು ದಿನ ಮೈಯಲ್ಲಿರುತ್ತದೆ. ಹಾಗಾದರೆ ಅಷ್ಟು ದಿನ, ಎಷ್ಟೇ ನೊಂದರೂ ಅವನು ಕುಡಿಯಲಾರ. ನನಗಿದ್ದ ಧೈರ್ಯ ಅದೊಂದೇ.

"ಜಟ್ಟಪ್ನೋರೇ, ನೀವು ತಪ್ಪು ತಿಳ್ಕಂಡ್ರಿ. ನಿಮ್ಮ ಮೇಲೆ ನಂಗೆ ಅಂಥದ್ದೇನೂ ಇರ್ಲಿಲ್ಲ. ಮಾತಾಡ್ಸೋದು ನನ್ನ ಡ್ಯೂಟಿ."

ಅವನು ನನ್ನ ಮುಖವನ್ನೇ ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. "ಸರಿ ಸಿಸ್ಟ್ರೇ," ಎಂದು ತಿರುಗಿ ನಡೆದ.

ನಂಬಲಿ ಎಂದೇ ಹೇಳಿದ್ದೆ. ನಂಬಿಬಿಟ್ಟನಲ್ಲ ಎಂದು ಬಸ್ಸು ಹೊಸನಗರ ಮುಟ್ಟುವವರೆಗೂ ಅತ್ತೆ.