ನೀವು ಮನುಷ್ಯರೇ?

“ಕಛೇರಿ ಇವತ್ತು ಸಂಜೆನಾ?” ಅಮ್ಮನ ದನಿ ಏರಿತು. “ದಿನ ಗೊತ್ತಾದ್ಮೇಲೆ ಮೇಲ್ ಮಾಡ್ತೀನಿ ಅಂದಿದ್ರಲ್ಲ ಮೇಷ್ಟ್ರೇ? ಒಂದೂ ಬರಲಿಲ್ಲ!”

ಅಮ್ಮನದು ಪಿಟೀಲು ರಿಪೇರಿ ಮಾಡುವ ಕೆಲಸ. ಸಂಗೀತದ ಮೇಷ್ಟ್ರ ಪಿಟೀಲು ಹೊಟ್ಟೆ ಬಿಚ್ಚಿಕೊಂಡು ಮೇಜಿನ ಮೇಲೆ ಮಲಗಿತ್ತು. ಈಗಲೇ ಅಂಟು ಹಾಕಿದರೂ ನಾಳೆಯವರೆಗೆ ಒಣಗುವುದಿಲ್ಲ.

ಹೋಮ್‌ವರ್ಕ್ ಮಾಡುತ್ತಿದ್ದ ಚೂಟಿ ಕಿವಿ ನಿಮಿರಿಸಿದಳು. ಮೇಷ್ಟ್ರ ಮಾತು ಫೋನಿನ ಸ್ಪೀಕರಿನಿಂದ ಕೇಳುತ್ತಿತ್ತು.

“ಮೂರು ಸಲ ಕಳಿಸಿದೆ ಕಣಮ್ಮ. ಪ್ರತಿಸಲವೂ ನಿಮ್ಮಿಂದ ಒಂದು ಮೇಲ್ ವಾಪಸ್ ಬಂತು. ಫೋನು ಅದನ್ನ ಓದಿ ಹೇಳಿತು, ‘ನೀವು ಮನುಷ್ಯರೇ? ಹಾಗಿದ್ದರೆ ಸೈಕಲ್ ಇರುವ ಚಿತ್ರಗಳನ್ನು ಒತ್ತಿ’ ಅಂತ. ನನಗೆ ಕಣ್ಣು ಕಾಣಲ್ಲ ಅಂತ ನಿಮಗೆ ಗೊತ್ತಲ್ವಾ? ತಮಾಷೆ ಮಾಡ್ತಿದೀರೇನೋ ಅಂದ್ಕೊಂಡೆ.”

ಚೂಟಿ ಪೆನ್ಸಿಲ್ ಕೆಳಗಿಟ್ಟಳು.

ಲಾಟರಿ, ಸಾಲ, ತೆಳ್ಳಗಾಗುವ ಮಾತ್ರೆ ಅಂತ ಅಮ್ಮನ ಮೇಲ್ ತುಂಬ ಕಸವೇ ಬರುತ್ತಿತ್ತು. ಅದನ್ನು ತಡೆಯುವ ಸೇವೆಯೊಂದನ್ನು ಹುಡುಕಿ ಹಾಕಿದ್ದವಳು ಚೂಟಿಯೇ. ಅಮ್ಮನಿಗೆ ಹಿಂದೆ ಮೇಲ್ ಮಾಡಿರದವರು ತಾವು ಮನುಷ್ಯರೆಂದು ತೋರಿಸಿಕೊಳ್ಳುವ ತನಕ ಅವರ ಮೇಲ್ ಬೇರೆ ಪೆಟ್ಟಿಗೆಯಲ್ಲಿ ಕಾಯಬೇಕು. “ನಿನಗೊಬ್ಬ ವಾಚ್‌ಮನ್ ಇಟ್ಟಿದೀನಮ್ಮ!” ಎಂದು ಜಂಭ ಕೊಚ್ಚಿಕೊಂಡಿದ್ದಳು.

ಅವಳು ಓಡಿಹೋಗಿ ಕಂಪ್ಯೂಟರಿನಲ್ಲಿ ಆ ಪೆಟ್ಟಿಗೆ ತೆರೆದಳು. ಲಾಟರಿ. ಮಾತ್ರೆ. ಮತ್ತೆ ಲಾಟರಿ. ನಡುವೆ ಮೇಷ್ಟ್ರ ಹೆಸರು. ಕೊನೆಯ ಮೇಲ್‌ನಲ್ಲಿ ಒಂದೇ ಸಾಲು: “ನಾನಮ್ಮ, ಪಿಟೀಲು ಮೇಷ್ಟ್ರು.”

ಅಮ್ಮ ಅವಳನ್ನೇ ನೋಡುತ್ತಿದ್ದಳು. ಚೂಟಿ ಫೋನಿನ ಹತ್ತಿರ ಬಂದಳು.

“ಮೇಷ್ಟ್ರೇ, ಅದು ಅಮ್ಮ ಅಲ್ಲ. ನಾನು ಹಾಕಿದ್ದು. ಯೋಚನೆ ಮಾಡಲಿಲ್ಲ.”



“ಸರಿ,” ಎಂದರು ಮೇಷ್ಟ್ರು. “ಈಗ ನಾನು ಯಾವುದನ್ನ ನುಡಿಸ್ಲಿ?”

ಅಮ್ಮ ಗೋಡೆಯಿಂದ ತನ್ನದೇ ಪಿಟೀಲನ್ನು ಇಳಿಸಿದಳು. ತಾಯಿ ಮಗಳು ಇಬ್ಬರೂ ಸಭಾಂಗಣಕ್ಕೆ ಬಿರಬಿರನೆ ನಡೆದರು. ದಾರಿಯುದ್ದಕ್ಕೂ ಅಮ್ಮ ಎರಡು ಹೆಜ್ಜೆ ಮುಂದೆಯೇ ಇದ್ದಳು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಚೂಟಿಗೆ.

ಸಭಾಂಗಣದ ಹಿಂದಿನ ಕೋಣೆಯಲ್ಲಿ ಮೇಷ್ಟ್ರ ಬೆರಳುಗಳು ಅಮ್ಮನ ಪಿಟೀಲಿನ ಮೇಲೆ ತಡವರಿಸಿದವು. “ಬೇರೆಯವರ ಚಪ್ಪಲಿ ಹಾಕ್ಕೊಂಡ ಹಾಗಿದೆ,” ಎಂದರು. ನಗಲಿಲ್ಲ.

ನುಡಿಸುವಾಗ ಎರಡು ಕಡೆ ಸ್ವರ ಜಾರಿತು. ಎರಡು ಸಲವೂ ಚೂಟಿ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಕೊನೆಗೆ ಚಪ್ಪಾಳೆ ಬಿತ್ತು. ಮೇಷ್ಟ್ರು ಬೆವರು ಒರೆಸಿಕೊಂಡರು.

ಮನೆಗೆ ಬಂದವಳೇ ಚೂಟಿ ಕಂಪ್ಯೂಟರ್ ಮುಂದೆ ಕುಳಿತಳು. ಚಿತ್ರದ ಪ್ರಶ್ನೆಯನ್ನು ತೆಗೆದುಹಾಕಿದಳು. ಆಮೇಲೆ ಪೆಟ್ಟಿಗೆಯಲ್ಲಿ ಉಳಿದಿದ್ದ ಮೇಲ್‌ಗಳನ್ನು ಒಂದೊಂದಾಗಿ ನೋಡತೊಡಗಿದಳು.

“ಎಲ್ಲಾ ಕಸ ಕಣೇ,” ಎಂದಳು ಅಮ್ಮ, ಹಿಂದೆ ಬಂದು ನಿಂತು. “ಒಟ್ಟಿಗೇ ಡಿಲೀಟ್ ಮಾಡಿಬಿಡು.”

“ತಾಳಮ್ಮ,” ಎಂದಳು ಚೂಟಿ, ಪರದೆಯಿಂದ ಕಣ್ಣು ತೆಗೆಯದೆ. “ಮಧ್ಯೆ ಇನ್ನೂ ಯಾರಾದ್ರೂ ನಿಂತಿರಬಹುದು.”