ಹದಿನಾಲ್ಕು ಕಿಲೋಮೀಟರಿನ ಗೆರೆ

"ಅಪ್ಪ ನಡ್ಕಂಡೇ ಹೊಂಟೈತೆ!"

ಮೊಳಕಾಲ್ಮುರು ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಸ್ವಪ್ನ ಹೇಳಿದ ಮೊದಲ ಮಾತು ಅದು. ಬೈಕಿಗೆ ಒರಗಿ ನಿಂತಿದ್ದ ಓಬಳೇಶ್ ನಗಲು ಹೋದವನು ಅವಳ ಮುಖ ನೋಡಿ ನೆಟ್ಟಗೆ ನಿಂತ.

ಎಂಟು ದಿನದ ಹಿಂದೆ ಎಲ್ಲವೂ ಸಲೀಸಾಗಿತ್ತು. ಅವಳಪ್ಪ ಚಿಕ್ಕೀರಪ್ಪ ಕುರಿ ಕಾಯುವವನು. ದೊಡ್ಡ ಮಗಳನ್ನು ದೂರದೂರಿಗೆ ಕೊಟ್ಟು, ಕಾಯಿಲೆ ಬಿದ್ದಾಗ ಹೋಗಿ ಮುಟ್ಟಲಾಗದೆ ಕಳೆದುಕೊಂಡಿದ್ದ. ಅಂದಿನಿಂದ ಅವನದು ಒಂದೇ ಹಟ. ಬೆಳಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಕಾಲ್ನಡಿಗೆಯಲ್ಲಿ ಮುಟ್ಟುವ ಊರಿಗಷ್ಟೇ ಚಿಕ್ಕವಳನ್ನು ಕೊಡುವುದು.

ಸ್ವಪ್ನ ಚಳ್ಳಕೆರೆಯಲ್ಲಿ ಹೊಲ ಅಳೆದು ನಕ್ಷೆ ತೆಗೆದುಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳು ಮೆಚ್ಚಿದ ಓಬಳೇಶನ ಊರು ಎಷ್ಟು ದೂರ ಎಂದು ಅಪ್ಪ ಕೇಳಿದಾಗ, ಮೊಬೈಲಿನ ಮ್ಯಾಪಿನಲ್ಲಿ ಎರಡು ಚುಕ್ಕೆ ಇಟ್ಟು ನಡುವೆ ನೆಟ್ಟಗೆ ಗೆರೆ ಎಳೆದು ತೋರಿಸಿದಳು. ಹದಿನಾಲ್ಕು ಕಿಲೋಮೀಟರ್! ರಸ್ತೆಯಲ್ಲಿ ಮೂವತ್ತೊಂದು ಎಂಬುದನ್ನು ನುಂಗಿಕೊಂಡಳು. ಅಪ್ಪ ಬಸ್ಸು ಹತ್ತಿ ಬಂದು ಮದುವೆ ಮಾತು ಮುಗಿಸುತ್ತಾನೆ ಎಂದುಕೊಂಡಿದ್ದಳು. ಅವನು ಇವತ್ತು ಆ ಗೆರೆಯನ್ನೇ ಹಿಡಿದು ನಸುಕಿನಲ್ಲೇ ಹೊರಟುಬಿಟ್ಟಿದ್ದ. ಕೈಯಲ್ಲಿ ಫೋನೂ ಇರಲಿಲ್ಲ.

"ಅಲ್ಲ ಕಣೆ, ಆ ಗೆರೆ ಜಟಿಂಗ ರಾಮೇಶ್ವರದ ಗುಡ್ಡದ ಮೇಲೇ ಹೋಗ್ತೈತಲ್ಲ!"

"ಗೊತ್ತು."

"ಗೊತ್ತಿದ್ದೂ ಯಾಕಂಗ್ ಮಾಡಿದೆ?"

"ನೀನು ಬೇಕಾಗಿತ್ತು, ಅದಕ್ಕೆ."

ಈ ಮಾತೊಂದನ್ನು ಕೇಳಲು ಎಣ್ಣೆ ಮಿಲ್ಲಿನಲ್ಲಿ ದುಡಿಯುವ ಓಬಳೇಶ್ ಎರಡು ವರ್ಷ ನೆಪ ಹುಡುಕಿಕೊಂಡು ಅವಳ ಅಂಗಡಿಗೆ ಬಂದಿದ್ದ. ಕೇಳಿದ್ದು ಮಾತ್ರ ಇಂಥ ಹೊತ್ತಿನಲ್ಲಿ. ಅವನ ಕಿವಿ ಕೆಂಪಾದದ್ದನ್ನು ಸ್ವಪ್ನ ನೋಡಿದಳು, ನೋಡಿಯೂ ಖುಷಿಪಡಲಾಗಲಿಲ್ಲ.

ಗುಡ್ಡದ ಕೆಳಗಿದ್ದ ಅವನ ಮನೆಯ ಮುಂದೆ ಇಬ್ಬರೂ ಕಾದರು. ಹನ್ನೆರಡಾಯಿತು, ಒಂದಾಯಿತು. ಓಬಳೇಶ್ ಎರಡು ಸಲ ಬಂಡೆ ಹತ್ತಿ ಕೂಗಿ ಬಂದ. ಅವನ ತಾಯಿ ಪಾತಮ್ಮ ಇಟ್ಟ ಮಜ್ಜಿಗೆ ಲೋಟದಲ್ಲೇ ಉಳಿಯಿತು.

"ಬರ್ತಾರೆ. ಅಳಬ್ಯಾಡ," ಎಂದ ಓಬಳೇಶ್.

"ನೀನ್ ನನ್ನ ಕಡೆ ಹಂಗ್ ನೋಡಬ್ಯಾಡ. ಅಳು ಬರಾದೇ ಅದಕ್ಕೆ."

ನಾಲ್ಕಕ್ಕೆ ಚಿಕ್ಕೀರಪ್ಪ ಬಂದ. ಪಂಚೆ ಹರಿದಿತ್ತು, ಮೊಣಕಾಲಲ್ಲಿ ರಕ್ತ. ಒಂದು ಚೊಂಬು ನೀರು ಗಟಗಟ ಕುಡಿದು ಜಗಲಿ ಮೇಲೆ ಕುಂತ.

ಸ್ವಪ್ನ ಅವನ ಕಾಲ ಬಳಿ ಕುಸಿದಳು. "ಅಪ್ಪಾ, ನಿಂಗೆ ಮೋಸ ಮಾಡ್ದೆ. ಗುಡ್ಡ ಐತೆ ಅಂತ ಗೊತ್ತಿದ್ದೇ ನೆಟ್ಟಗೆ ಗೆರೆ ಎಳೆದೆ."

"ನಲವತ್ತು ವರ್ಷ ಕುರಿ ಮೇಯ್ಸೀನಿ. ಗುಡ್ಡ ಎಲ್ಲೈತೆ ಅಂತ ನೀನ್ ನಂಗೆ ಹೇಳ್ತೀಯಾ?"

"ಮತ್ಯಾಕ್ ನಡೆದೆ?"

"ನಿಮ್ಮಕ್ಕನ ಊರಿನ ದಾರಿ ನಾನ್ ನಡೆದೇ ನೋಡಿರ್ಲಿಲ್ಲ ಕಣವ್ವ. ಯಾರೋ ಹತ್ರ ಅಂದ್ರು, ನಂಬಿ ಕೊಟ್ಟೆ. ಇವತ್ತೂ ಮಧ್ಯಾಹ್ನಕ್ಕೆ ಮುಟ್ಟಲಿಲ್ಲ."

ಮುಗಿಯಿತು ಎಂದುಕೊಂಡಳು ಸ್ವಪ್ನ.

ಓಬಳೇಶ್ ಮುಂದೆ ಬಂದು ನಿಂತ. "ಮಾವ, ನೀವು ನಡೆಯಾದ್ ಬ್ಯಾಡ. ಒಂದ್ ಫೋನ್ ಮಾಡ್ಸಿ, ಗಂಟೆಯೊಳಗೆ ಇವಳನ್ನ ನಿಮ್ಮ ಮನೆ ಮುಂದೆ ಇಳಿಸ್ತೀನಿ. ಯಾವ ಹೊತ್ತಾದ್ರೂ ಸರಿ." ಬೈಕಿನ ಕೀಲಿ ತೆಗೆದು, "ಈಗ ನಿಮ್ಮನ್ನೂ ಬಿಟ್ಟು ಬರ್ತೀನಿ, ಏಳ್ರಿ," ಎಂದ.

ಚಿಕ್ಕೀರಪ್ಪ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಹೆಗಲ ಕಂಬಳಿ ತೆಗೆದು, ಒಮ್ಮೆ ಕೊಡವಿ, ಜಗಲಿಯ ಮೇಲೆ ಹಾಸಿದ.

"ನೀನೆಲ್ಲಿಗಪ್ಪ ಬಿಡ್ತೀಯಾ? ಇವತ್ತು ಇಲ್ಲೇ ಮಲಗ್ತೀನಿ."

ಒಳಗೆ ಪಾತಮ್ಮನ ಕೈಯಿಂದ ತಟ್ಟೆ ಜಾರಿತು. ಬೀಗರಲ್ಲದವರ ಮನೆಯಲ್ಲಿ ರಾತ್ರಿ ಕಂಬಳಿ ಹಾಸುವ ಪದ್ಧತಿ ಚಿಕ್ಕೀರಪ್ಪನ ಹಟ್ಟಿಯವರಲ್ಲಿ ಇರಲಿಲ್ಲ.